ಎರಡು ಬೆರಳು ಸಡಿಲ

ಭಾನುವಾರ ಬೆಳಿಗ್ಗೆ ಆರಕ್ಕೆ
ಭಾಂಡುಪಿನ ಮುನಿಸಿಪಾಲ್ಟಿ ಶಾಲೆಯ ತಾರಸಿ.
ಹಳೆಯ ಗಾದಿ ನಾಲ್ಕು, ಹೆಂಗಸರು ಹನ್ನೊಂದು.
ರೈಲ್ವೆ ಪೊಲೀಸಿನಿಂದ ನಿವೃತ್ತಳಾದ ಸುಲಭಾ ಘುಗೆ
ಶಿಳ್ಳೆ ಊದಿ ಹೇಳುತ್ತಾಳೆ:
ಸರ, ದಾರ, ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿ.
ಕೊಸರುವಾಗ ಮೊದಲು ಕೊಯ್ಯುವುದು ಅವೇ.

ಸ್ಟೀಲ್ ಡಬ್ಬಿಯ ತಳದಲ್ಲಿ
ಕರಿಮಣಿ, ಶಿಲುಬೆ, ತಾಯಿತ
ಒಂದರ ಮೇಲೊಂದು ಬಿದ್ದು
ಲೋಕಲ್ ಹಾದಾಗಲೆಲ್ಲ ಸಣ್ಣಗೆ ಗಿಲಕುತ್ತವೆ.

ನಾನು ಬ್ಲೌಸ್ ಹೊಲಿಯುವವಳು.
ಇಪ್ಪತ್ತೆರಡು ವರ್ಷದಿಂದ, ಸ್ಟೇಷನ್ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತು
ಈ ಊರಿನ ಕೊರಳುಗಳನ್ನು ಇಂಚಿನಲ್ಲಿ ಬಲ್ಲೆ.
ಹಾಡುವಾಗ ಅದು ನಮ್ಮಲ್ಲಿ ಕೊರಳು,
ಹೊರಗೆ ದಬ್ಬುವಾಗ ಕತ್ತು,
ಅಳು ಬಂದು ನಿಂತರೆ ಗಂಟಲು.
ಹಿಸುಕುವಾಗ ಮಾತ್ರ, ಕುತ್ತಿಗೆ ಎನ್ನಹೊರಟರೆ
ಒತ್ತಕ್ಷರದ ಮೇಲೇ ಉಸಿರು ನಿಂತುಬಿಡುತ್ತದೆ.

ಹನುವಟಿ ಖಾಲಿ! ಕೂಗುತ್ತಾಳೆ ಘುಗೆ.
ಗದ್ದ ಕೆಳಗೆ ಎಂದು.
ಇಷ್ಟು ವರ್ಷವಾದರೂ ನನ್ನ ಕಿವಿಗೆ
ಖಾಲಿ ಎಂದರೆ ಮೊದಲು ಬರಿದು.
ಆಮೇಲೆ ಇಳಿಯುತ್ತದೆ ಗದ್ದ.

ತಲೆ ತಗ್ಗಿಸು ಎಂದವರು ಬಹಳ ಜನ ಇದ್ದರು ನನಗೆ.
ಒಬ್ಬರೂ ಹೇಳಿರಲಿಲ್ಲ,
ಗದ್ದ ಎದೆಗಂಟಿದರೆ ತೋಳು ಒಳಗಿಳಿಯಲಾರದು ಎಂದು,
ಹಿಡಿದವನ ಮೊಣಕೈ ಮಡಿಚಿದಲ್ಲಿ ಒಂದು ಸಂದಿ ಇರುತ್ತದೆ,
ಅತ್ತ ಮುಖ ತಿರುಗಿಸಿದರೆ
ಗುಟುಕು ಗಾಳಿ ಸಿಗುತ್ತದೆ ಎಂದು.

ಎರಡೂ ಕೈಯಲ್ಲಿ ಅವನ ತೋಳಿಗೆ ಜೋತುಬೀಳು.
ಕಾಲಗಲಿಸಿ ಕುಸಿ. ಭಾರವಾಗು.
ಪಕ್ಕೆಗೆ ಮೊಣಕೈ, ಪಾದಕ್ಕೆ ಹಿಮ್ಮಡಿ,
ಅವನ ಕಾಲ ಹಿಂದಕ್ಕೆ ನಿನ್ನ ಕಾಲು.
ಆಮೇಲೆ ನಿಂತು ನೋಡಬೇಡ, ಓಡು.

ಈಗ ಅದಲು ಬದಲು, ನಾನು ಹಿಡಿಯುವವಳು.
ಮೆಡಿಕಲ್ ಅಂಗಡಿಯ ಲವೀಟಾ, ಹತ್ತೊಂಬತ್ತು ವರ್ಷ.
ನನ್ನ ಮುಂಗೈಗೆ ಅವಳ ನಾಡಿ ಬಡಿಯುತ್ತಿದೆ,
ಬಟ್ಟೆಯಡಿ ಓಡುವ ಸೂಜಿಯ ಹಾಗೆ.
ಎಷ್ಟು ಸುಲಭವೋ ಇದು, ನನ್ನ ತೋಳಿಗೂ ಗೊತ್ತಾಯಿತು.

ಎರಡು ಸಲ ತಟ್ಟಿದರೆ ಬಿಡಬೇಕು.
ಈ ತಾರಸಿಯ ಕಾನೂನು ಅದೊಂದೇ.
ತಟ್ ತಟ್.
ಬಿಟ್ಟೆ.
ಅವಳು ಕೆಮ್ಮಿ ನಕ್ಕಳು. ನಾನು ಗಾದಿಯ ಮೇಲೆ ಕೂತುಬಿಟ್ಟೆ.

ಆ ರಾತ್ರಿ ಒಲೆಯ ಪಕ್ಕ
ನಾನೂ ತಟ್ಟಿದ್ದೆ, ಎರಡು ಸಲ, ಆ ತೋಳನ್ನು.
ಯಾರೂ ಕಲಿಸಿರಲಿಲ್ಲ.
ಮಗುವನ್ನು ಮಲಗಿಸುವಾಗ ತಟ್ಟುವಷ್ಟೇ ಮೆಲ್ಲಗೆ.
ಬಿಡಿಸಿದ್ದು ಕಾಲಿಂಗ್ ಬೆಲ್.
ಹಾಲು ಸೀದ ವಾಸನೆ ಬಂತೆಂದು
ಕೇಳಲು ಬಂದಿದ್ದರು ಪಕ್ಕದ ಮನೆಯವರು.
ಹಾಲಿನ ಬಗ್ಗೆ.

ಘುಗೆ ಏನೂ ಕೇಳಲಿಲ್ಲ.
ಎಬ್ಬಿಸಿ ನಿಲ್ಲಿಸಿ, ತಾನೇ ಹಿಂದಿನಿಂದ ಹಿಡಿದಳು.
ಬೆವರು, ನೋವಿನ ಮುಲಾಮು, ಗಂಡಸಿನಷ್ಟು ಗಟ್ಟಿ ತೋಳು.
ಕಣ್ಣಂಚು ಕಪ್ಪಾಯಿತು. ಗದ್ದ ತಾನೇ ಇಳಿಯಿತು.
ಸಂದಿ. ಗುಟುಕು. ಭಾರ.
ನಡುವೆ ಏನಾಯಿತೋ ನೆನಪಿಲ್ಲ,
ಬಿಗಿ ಹೊಲಿದ ಕುಪ್ಪಸದಿಂದ ತಲೆ ಕಿತ್ತುಕೊಂಡಂತೆ
ಹೊರಗಿದ್ದೆ.
ವಿದ್ಯುತ್ ತಂತಿ, ಒಂದು ಕಾಗೆ, ಕರ್ಜತಿನ ಫಾಸ್ಟ್ ಲೋಕಲ್.
ಹಿಂದೆ ಘುಗೆ ಪಕ್ಕೆ ಒತ್ತಿಕೊಂಡು ಬಯ್ಯುತ್ತಿದ್ದಳು:
ಓಡು ಅಂದಿದ್ದೆ, ನಿಂತೆ ಯಾಕೆ?

ಸೋಮವಾರ ಅಂಗಡಿಗೆ ಬಂದ ಹೊಸ ಗಿರಾಕಿ
ಕಾಲರ್ ಇಡಿ ಎಂದಳು, ಎತ್ತರದ್ದು.
ಈ ಸೆಕೆಯಲ್ಲಾ? ಎನ್ನಲಿಲ್ಲ ನಾನು.
ದುಪಟ್ಟಾ ಸರಿಸಿದಳು. ನೋಡಿದೆ. ನೋಡದ ಹಾಗೆ ಟೇಪು ಸುತ್ತಿದೆ.
ಬೆಚ್ಚಿದಳು.
ಟೇಪಿಗೂ ಚರ್ಮಕ್ಕೂ ನಡುವೆ ಎರಡು ಬೆರಳು ತೂರಿಸಿ,
ಉಸಿರಿಗೆಂದು ನಮ್ಮ ಕಸುಬು ಬಿಡುವ ಅಳತೆ ಅದು,
ಹಾಗೇ ಹಿಡಿದಿದ್ದೆ ಸ್ವಲ್ಪ ಹೊತ್ತು.
ಹದಿನಾಲ್ಕೂವರೆ, ಬರೆದುಕೊಂಡೆ.

ಯಾವಾಗ ಸಿಗುತ್ತದೆ?
ಶನಿವಾರ ಸಂಜೆ.
ಮತ್ತೆ, ಭಾನುವಾರ ಬೆಳಿಗ್ಗೆ ನಿಮಗೇನಾದರೂ ಕೆಲಸವಿದೆಯಾ?